ಟೆಂಟಿನೊಳಗೆ ಇಸ್ತ್ರಿ ಪೆಟ್ಟಿಗೆ

ಚಳಿಗಾಲ ಬಂತೆಂದರೆ ಕೆಂಡಪ್ಪನ ತಾಯಿಗೆ ತಲೆನೋವೂ ಬರುತ್ತಿತ್ತು. ಬೆಳಿಗ್ಗೆ ಎದ್ದವರೇ ಹಣೆಗೆ ಬಟ್ಟೆ ಬಿಗಿದುಕೊಂಡು, ಮನೆ ಮುಂದಿನ ಮೆಟ್ಟಿಲ ಮೇಲೆ ಕೂತು, ಹೋಗುವವರಿಗೂ ಬರುವವರಿಗೂ ತಮ್ಮ ತಲೆಯ ಕಥೆ ಹೇಳುತ್ತಿದ್ದರು. ಹೇಳುತ್ತಾ ಹೇಳುತ್ತಾ ಬಿಸಿಲೇರುವ ಹೊತ್ತಿಗೆ ನೋವು ತಾನಾಗಿಯೇ ಇಳಿದುಹೋಗುತ್ತಿತ್ತು. "ವಯಸ್ಸಾಯ್ತಲ್ಲ, ಇನ್ನೇನು" ಎಂದು ಕೆಂಡಪ್ಪ ಸುಮ್ಮನಾಗುತ್ತಿದ್ದ. ಹೆಂಡತಿಗೂ ಆಗಾಗ ತಲೆ ಭಾರವಾಗುತ್ತಿತ್ತು. ಅದು ನಿದ್ದೆಗೆಟ್ಟದ್ದರಿಂದ ಎಂದು ಅವಳೇ ತೀರ್ಮಾನ ಮಾಡಿಕೊಂಡಿದ್ದಳು. ಮಗಳು ಬೆಳಿಗ್ಗೆ ಎದ್ದರೆ ವಾಕರಿಕೆ ಎನ್ನುತ್ತಿದ್ದಳು. ಅದು ಶಾಲೆ ತಪ್ಪಿಸುವ ನಾಟಕ ಎಂದು ಎಲ್ಲರೂ ಸೇರಿ ಗದರುತ್ತಿದ್ದರು. ಹೀಗೆ ಆ ಮನೆಯಲ್ಲಿ ಒಂದೊಂದು ತಲೆಗೆ ಒಂದೊಂದು ಕಾರಣ ಸಿಕ್ಕಿತ್ತು. ಎಲ್ಲ ತಲೆಗೂ ಒಂದೇ ಕಾರಣ ಇರಬಹುದೆಂದು ಮಾತ್ರ ಯಾರ ತಲೆಗೂ ಹೊಳೆದಿರಲಿಲ್ಲ.

ಕೆಂಡಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಬೀದಿಯವರು ಇಟ್ಟದ್ದು. ಬೀದಿಯ ಮೂಲೆಯಲ್ಲಿ ತಗಡಿನ ಸೂರಿನ ಕೆಳಗೆ ಅವನ ಇಸ್ತ್ರಿ ಅಂಗಡಿ. ಅಂಗಡಿ ಎಂದರೆ ಒಂದು ಉದ್ದನೆಯ ಮೇಜು, ಹಿಂದೆ ಒಂದು ಗೋಡೆ. ಉಳಿದ ಮೂರು ಕಡೆಯೂ ಬಯಲು. ಅವನ ಹತ್ತಿರ ಇದ್ದಿಲು ಹಾಕುವ ಇಸ್ತ್ರಿ ಪೆಟ್ಟಿಗೆ ಎರಡಿದ್ದವು. ದೊಡ್ಡದು ಹಿತ್ತಾಳೆಯದು, ಚಿಕ್ಕದು ಕಬ್ಬಿಣದ್ದು. ಕರೆಂಟಿನ ಪೆಟ್ಟಿಗೆ ಕೊಳ್ಳು ಎಂದು ಎಷ್ಟು ಜನ ಹೇಳಿದರೂ ಅವನು ಒಪ್ಪಿರಲಿಲ್ಲ. "ಕೆಂಡದ ಕಾವಿಗೆ ನೆರಿಗೆ ಕೂತ ಹಾಗೆ ತಂತಿ ಕಾವಿಗೆ ಕೂರುತ್ತಾ?" ಎನ್ನುತ್ತಿದ್ದ. ಸಂಜೆ ಕೆಲಸ ಮುಗಿದ ಮೇಲೆ ಉಳಿದ ಕೆಂಡ ದಂಡವಾಗಬಾರದಲ್ಲ! ಪೆಟ್ಟಿಗೆಯನ್ನು ಹಾಗೇ ಮನೆಗೆ ಒಯ್ದು, ತಾಯಿ, ಹೆಂಡತಿ, ಮಗಳು ಮಲಗುವ ಕೋಣೆಯಲ್ಲಿ ಮಂಚದ ಕೆಳಗೆ ಇಟ್ಟುಬಿಡುತ್ತಿದ್ದ. ಕೋಣೆ ಬೆಚ್ಚಗಾಗುತ್ತಿತ್ತು. ತಾನು ಮಾತ್ರ ಗಿರಾಕಿಗಳ ಬಟ್ಟೆ ಕಾಯಲು ಅಂಗಡಿಯ ಮೇಜಿನ ಮೇಲೆ ಮಲಗುತ್ತಿದ್ದ. ಮನೆಯವರನ್ನು ಬೆಚ್ಚಗಿಟ್ಟು ತಾನು ಚಳಿಯಲ್ಲಿ ಮಲಗುವ ಯಜಮಾನ ತಾನು ಎಂದು ಅವನಿಗೆ ಒಳಗೊಳಗೇ ಸಣ್ಣ ಹೆಮ್ಮೆಯೂ ಇತ್ತು.

ಅವನ ಅಂಗಡಿಗೆ ಅಂಟಿಕೊಂಡೇ ದರ್ಜಿ ಮಾಸ್ಟರ್ ಅಂಗಡಿ. ಮಾಸ್ಟರ್ ಹೊಲಿಯುವುದು, ಮಾಸ್ಟರ್ ಹೆಂಡತಿ ಗುಂಡಿ ತೂರಿಸುವ ಗುಂಡಿಮನೆ ಮಾಡಿ ಗುಂಡಿ ಹಚ್ಚುವುದು, ಕೆಂಡಪ್ಪ ಇಸ್ತ್ರಿ ಮಾಡುವುದು. ಮಾಸ್ಟರ್ ತಂಗಿ ಆಸ್ಪತ್ರೆಯಲ್ಲಿ ನರ್ಸ್. ಬೀದಿಗೆಲ್ಲ ಅವಳು 'ಸಿಸ್ಟರ್'. ಈ ನಾಲ್ವರೂ ವರ್ಷವಿಡೀ ಒಟ್ಟಿಗೆ ಟೀ ಕುಡಿದವರು. ಆದರೆ ಒಟ್ಟಿಗೆ ಊರು ಬಿಟ್ಟು ಹೋದವರಲ್ಲ.

ಆ ಸಲ ಅಂಗಡಿಗಳಿಗೆ ಎರಡು ದಿನ ರಜೆ ಸಿಕ್ಕಿತು. ಮಾಸ್ಟರ್ ಎದ್ದು ನಿಂತು ಘೋಷಿಸಿದರು:

"ನಡೀರಿ, ಬೆಟ್ಟ ಹತ್ತೋಣ. ರಾತ್ರಿ ಅಲ್ಲೇ ಬಯಲಲ್ಲಿ ಟೆಂಟ್ ಹಾಕಿ ಮಲಗೋದು. ಲಾಡ್ಜೂ ಬೇಡ, ಹೋಟ್ಲೂ ಬೇಡ. ಕಾಲು ನಮ್ದು, ಬೆಟ್ಟಕ್ಕೆ ಟಿಕೆಟ್ ಇಲ್ಲ."

"ಟೆಂಟ್ ಯಾರಪ್ಪಂದು?" ಎಂದ ಕೆಂಡಪ್ಪ.

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ನಾನು ದರ್ಜಿ ಕಣಯ್ಯ, ಕಾಲು ಇದ್ದಷ್ಟು ಹಾಸಿಗೆ ಹೊಲೀತೀನಿ!"

ಹೇಳಿದಂತೆಯೇ ಹೊಲಿದರು. ಮಾರಾಟವಾಗದೆ ಉಳಿದಿದ್ದ ರೈನ್‌ಕೋಟ್ ಬಟ್ಟೆ ಕಟ್ಟುಗಟ್ಟಲೆ ಇತ್ತು. ಒಳಗೆ ರಬ್ಬರ್ ಬಳಿದ ದಪ್ಪನೆಯ ಬಟ್ಟೆ. ಹೊಲಿಗೆಯ ಮೇಲೆ ಹೊಲಿಗೆ ಹಾಕಿ, ಸಂದಿಗೆಲ್ಲ ಪಟ್ಟಿ ಕೊಟ್ಟು, ತಳಕ್ಕೂ ಅದೇ ಬಟ್ಟೆ ಸೇರಿಸಿದರು. ಬಾಗಿಲಿಗೆ ಜಿಪ್ ಹಾಕಬೇಕಲ್ಲ? ಅಷ್ಟುದ್ದದ ಜಿಪ್ಪಿಗೆ ದುಡ್ಡು ಕೊಡುವ ಬದಲು ಡಬ್ಬಿಯಲ್ಲಿ ಬಿದ್ದಿದ್ದ ಕೋಟಿನ ಗುಂಡಿಗಳನ್ನು ಮೇಲಿಂದ ಕೆಳಗಿನವರೆಗೆ ಸಾಲಾಗಿ ಹಚ್ಚಿಸಿದರು. ಒಂದರ ಮೇಲೊಂದು ಎರಡು ಮಡಿಕೆ, ಎರಡಕ್ಕೂ ಗುಂಡಿ. ಪ್ರಪಂಚದಲ್ಲಿ ಬಾಗಿಲಿಗೆ ಗುಂಡಿ ಇರುವ ಮನೆ ಅದೊಂದೇ ಇದ್ದೀತು.

ಹೊರಡುವ ಹಿಂದಿನ ದಿನ ಸಿಸ್ಟರ್ ಡ್ಯೂಟಿ ಮುಗಿಸಿ ಬಂದು ಟೆಂಟನ್ನು ಸುತ್ತಿ ನೋಡಿದಳು.

"ಅಣ್ಣ, ಗಾಳಿ ಬರೋಕೆ ಕಿಂಡಿ ಎಲ್ಲಿ?"

"ಗಾಳಿ ಬರಬಾರ್ದು ಅಂತಲೇ ಅಲ್ವೇನೇ ಇಷ್ಟು ಕಷ್ಟಪಟ್ಟಿರೋದು! ಸೂಜಿ ಮೊನೆಯಷ್ಟು ಗಾಳಿ ನುಗ್ಗಿದ್ರೆ ನನ್ನ ಹೆಸರು ಬದಲಾಯಿಸು."

"ಉಸಿರಾಡೋಕಾದ್ರೂ ಬೇಡ್ವಾ? ಮೇಲೊಂದು, ಕೆಳಗೊಂದು ಬಲೆ ಕಿಟಕಿ ಇಡು."

"ಕಿಟಕಿ ಬೇಕಾದೋರು ಮನೇಲಿರ್ಲಿ" ಎಂದು ಮಾಸ್ಟರ್ ಮುಖ ತಿರುಗಿಸಿದರು. ಹೊಲಿದ ಮೇಲೆ ಕತ್ತರಿ ಹಾಕು ಎಂದರೆ ಯಾವ ದರ್ಜಿಗೆ ಕೋಪ ಬರುವುದಿಲ್ಲ?

ಸಿಸ್ಟರ್ ಕಣ್ಣು ಆಮೇಲೆ ಕೆಂಡಪ್ಪನ ಚೀಲದ ಮೇಲೆ ಬಿತ್ತು. ಹೊದಿಕೆ, ಬ್ರೆಡ್ಡು, ಮೊಟ್ಟೆಗಳ ಜೊತೆ ಚಿಕ್ಕ ಇಸ್ತ್ರಿ ಪೆಟ್ಟಿಗೆ ಕೂತಿತ್ತು.

"ಬೆಟ್ಟದ ಮೇಲೆ ಯಾರ ಬಟ್ಟೆಗಣ್ಣ ಇಸ್ತ್ರಿ?"

"ನಗ್ಬೇಡಿ ಸಿಸ್ಟರ್. ಒಲೆ ಕೊಳ್ಳೋದು ಉಳೀತು. ಇದರ ಮೇಲೆ ಬ್ರೆಡ್ ಸುಡಬಹುದು, ಒದ್ದೆ ಕಾಲುಚೀಲ ಒಣಗಿಸಬಹುದು, ಚಳಿಯಾದ್ರೆ ಟೆಂಟ್ ಒಳಗಿಟ್ಟು ಬೆಚ್ಚಗೆ ಮಲಗಬಹುದು."

ಸಿಸ್ಟರ್ ಮುಖದ ನಗು ಹೋಯಿತು. "ಬ್ರೆಡ್ ಸುಡಿ, ಬೇಡ ಅನ್ನಲ್ಲ. ಟೆಂಟ್ ಒಳಗೆ ಮಾತ್ರ ಕೆಂಡ ಬೇಡ ಕೆಂಡಪ್ಪಣ್ಣ. ಕೆಂಡದಿಂದ ಒಂದು ವಿಷಗಾಳಿ ಬರುತ್ತೆ."

"ಹೊಗೆ ತಾನೇ? ನಂದು ಚೆನ್ನಾಗಿ ಹತ್ತಿದ ಕೆಂಡ. ಒಂದೆಳೆ ಹೊಗೆ ಬಂದ್ರೆ ಕೇಳಿ."

"ಹೊಗೆ ಅಲ್ಲ. ಹೊಗೆಯಾದ್ರೆ ಕಣ್ಣು ಉರಿಯುತ್ತೆ, ಕೆಮ್ಮು ಬರುತ್ತೆ, ಎದ್ದು ಓಡ್ತೀವಿ. ಇದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಬಂದದ್ದೇ ಗೊತ್ತಾಗಲ್ಲ."

"ಅಲ್ಲ ಸಿಸ್ಟರ್, ಹುಟ್ಟಿದಾಗಿಂದ ಕೆಂಡದ ಮುಂದೆ ನಿಂತಿದೀನಿ. ವಿಷ ಇದ್ದಿದ್ರೆ ನಾನು ಇಷ್ಟೊತ್ತಿಗೆ ಫೋಟೋ ಆಗಿ ಗೋಡೆ ಮೇಲೆ ಇರ್ತಿರಲಿಲ್ವಾ?"

ಎಲ್ಲರೂ ನಕ್ಕರು. ಸಿಸ್ಟರ್ ನಗಲಿಲ್ಲ. "ಇಷ್ಟು ಮಾತ್ರ ಕಿವಿಗೆ ಹಾಕ್ಕೊಳ್ಳಿ. ಒಬ್ಬರಿಗೆ ತಲೆನೋವು ಬಂದ್ರೆ ಅದು ಆ ತಲೆಯ ಕಥೆ. ಒಂದೇ ಕಡೆ ಇರೋರಿಗೆಲ್ಲ ಒಟ್ಟಿಗೆ ಬಂದ್ರೆ ಅದು ಗಾಳಿಯ ಕಥೆ. ಯೋಚನೆ ಮಾಡ್ತಾ ಕೂರಬೇಡಿ, ಹೊರಗೆ ಓಡಿ."

ಕೆಂಡಪ್ಪ ಗೋಣು ಆಡಿಸಿದ. ಓದಿದವರು ಎಲ್ಲಕ್ಕೂ ಹೆದರುತ್ತಾರೆ ಎಂದುಕೊಂಡ. ಮರುದಿನ ಹೊರಡುವಾಗ ಹಿತ್ತಾಳೆ ಪೆಟ್ಟಿಗೆ ಮತ್ತು ಒಂದು ಚೀಲ ಇದ್ದಿಲನ್ನು ಮನೆಯಲ್ಲಿಟ್ಟು, "ಮೋಡ ಆಗ್ತಿದೆ. ಸಂಜೆ ಚಳಿಯಾದ್ರೆ ಪೆಟ್ಟಿಗೆ ತುಂಬಾ ಕೆಂಡ ಮಾಡ್ಕೊಂಡು ಬಾಗಿಲು ಹಾಕ್ಕೊಂಡು ಮಲಗಿ" ಎಂದು ಹೆಂಡತಿಗೆ ಹೇಳಿಯೇ ಹೊರಟ.

ಸಿಸ್ಟರಿಗೆ ಮಧ್ಯಾಹ್ನದವರೆಗೆ ಡ್ಯೂಟಿ ಇತ್ತು. ಸಂಜೆಗೆ ಬಂದು ಸೇರುವುದೆಂದು ಮಾತಾಯಿತು. ಉಳಿದ ಮೂವರು ಬೆಳಿಗ್ಗೆಯ ಬಸ್ಸಿಗೆ ಹೋಗಿ ಬೆಟ್ಟದ ಬುಡದಲ್ಲಿ ಇಳಿದರು. ಅಬ್ಬಾ, ಆ ನಡಿಗೆ! ವರ್ಷವಿಡೀ ಮೆಷಿನ್ ಮುಂದೆ ಕೂತ ಮಾಸ್ಟರ್ ಮೊಣಕಾಲು ಲಟಲಟ ಎನ್ನುತ್ತಿತ್ತು. ಮಾಸ್ಟರ್ ಹೆಂಡತಿ ಮಾತ್ರ ಚಿಕ್ಕ ಹುಡುಗಿಯಂತೆ ಮುಂದೆ ಮುಂದೆ ಹೋಗಿ, ಕಲ್ಲಿನ ಮೇಲೆ ನಿಂತು, "ಬನ್ರೀ ಗಂಡಸ್ರೇ" ಎಂದು ಕೂಗುತ್ತಿದ್ದಳು. ಕೆಂಡಪ್ಪನ ಬೆನ್ನಿಗೆ ಪೆಟ್ಟಿಗೆಯ ಮೂತಿ ಚುಚ್ಚುತ್ತಿತ್ತು. "ಬೇರೆಯವರು ಬೆಟ್ಟಕ್ಕೆ ಹೋಗುವಾಗ ಭಾರ ಕಳೀತಾರೆ, ನೀನು ಕಬ್ಬಿಣ ಹೊತ್ತು ಬಂದಿದ್ದೀಯ" ಎಂದು ಮಾಸ್ಟರ್ ದಾರಿಯುದ್ದಕ್ಕೂ ಕಾಲೆಳೆದರು.

ಬೆಟ್ಟದ ಮೇಲೆ ಹಸು ಮೇಯುವ ಹುಲ್ಲುಬಯಲು. ಪಕ್ಕದಲ್ಲೇ ಹಾಲಿನ ವ್ಯಾನು ಓಡಾಡುವ ಮಣ್ಣುದಾರಿ. ಹಸು ಕಾಯುವ ಅಜ್ಜನನ್ನು ಕೇಳಿ, ಅವನು ತೋರಿಸಿದ ಜಾಗದಲ್ಲಿ ಟೆಂಟ್ ಎತ್ತಿದರು. ಕೆಂಡಪ್ಪ ಪೆಟ್ಟಿಗೆಗೆ ಇದ್ದಿಲು ತುಂಬಿ, ಕೆಂಡ ಮಾಡಿ, ಬಯಲಲ್ಲೇ ಬ್ರೆಡ್ ಸುಟ್ಟುಕೊಟ್ಟ. ಹದವಾಗಿ, ಇಸ್ತ್ರಿ ಮಾಡಿದಷ್ಟೇ ಒಪ್ಪವಾಗಿ ಬಂತು. ಇಂಥ ಬ್ರೆಡ್ ಜನ್ಮದಲ್ಲಿ ತಿಂದಿಲ್ಲ ಎಂದರು ಮಾಸ್ಟರ್. ಅಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು.

ಸಂಜೆಗೆ ಮಳೆ ಹಿಡಿಯಿತು. ಗಾಳಿ ಸೇರಿದ ಮಳೆ. ಟೆಂಟಿಗೆ ಓಡುವಷ್ಟರಲ್ಲಿ ಮೂವರೂ ತೊಯ್ದು ತೊಪ್ಪೆಯಾದರು, ಹೊದಿಕೆಯೂ ಒದ್ದೆಯಾಯಿತು. ಮಾಸ್ಟರ್ ಹೆಂಡತಿಯ ಹಲ್ಲು ಕಟಕಟ ಎನ್ನತೊಡಗಿತು.

"ಅತ್ತಿಗೆ, ಪೆಟ್ಟಿಗೆ ತರ್ತೀನಿ ತಾಳಿ" ಎಂದ ಕೆಂಡಪ್ಪ.

"ಸಿಸ್ಟರ್ ಬೇಡ ಅಂದಿದ್ಲಲ್ಲ?" ಎಂದಳು ಅವಳು.

"ಅವರು ಆಸ್ಪತ್ರೆಯವರು. ಅವರಿಗೆ ಸೀನಿದ್ರೂ ಕಾಯಿಲೆ. ಹೊಗೆ ಇದೆಯಾ ನೋಡಿ ನೀವೇ."

ಮುಚ್ಚಳದ ಕೆಳಗೆ ಮಳೆಗೂ ಆರದೆ ಉಳಿದಿದ್ದ ಕೆಂಡವನ್ನು ತಂದು ತೋರಿಸಿದ. ಹೊಗೆ ಇರಲಿಲ್ಲ. ಕೆಂಡ ಕೆಂಪಗೆ, ಸಾಧುವಾಗಿ ಕೂತಿತ್ತು. ಮಾಸ್ಟರ್ ಒಳಗಿನಿಂದ ಗುಂಡಿಗಳನ್ನೆಲ್ಲ ಹಾಕಿದರು, ಎರಡೂ ಮಡಿಕೆಯದು. ಕೆಂಡಪ್ಪ ಪೆಟ್ಟಿಗೆಯನ್ನು ಹೊದಿಕೆಯ ಮೇಲೆ ಆಡಿಸಿದ. ಒದ್ದೆ ಆವಿಯಾಗಿ ಎದ್ದಿತು. ಅರೆ ಗಳಿಗೆಯಲ್ಲಿ ಹೊದಿಕೆ ಬಿಸಿಯಾಯಿತು, ಟೆಂಟೂ ಬಿಸಿಯಾಯಿತು. ಹೊರಗೆ ಮಳೆ ಅಬ್ಬರಿಸುತ್ತಿದ್ದರೆ ಒಳಗೆ ಮೂವರೂ ಕಾಲು ಚಾಚಿಕೊಂಡು ಕೂತು, ಯಾರ ಹಂಗೂ ಇಲ್ಲದೆ ಬೆಚ್ಚಗಿರುವುದು ಎಷ್ಟು ಸುಲಭ ಎಂದು ಮಾತಾಡಿಕೊಂಡರು.

ಆಮೇಲೆ ಮಾತು ಕಡಿಮೆಯಾಯಿತು. ಮಾಸ್ಟರ್ ಹಣೆ ಒತ್ತಿಕೊಂಡರು. "ನಡೆದದ್ದಕ್ಕೆ ತಲೆ ಸಿಡೀತಿದೆ."

"ನನಗೂ" ಎಂದಳು ಅವರ ಹೆಂಡತಿ. "ಹಸಿವಿರಬೇಕು. ಹೊಟ್ಟೆ ತೊಳಸ್ತಿದೆ. ಸ್ವಲ್ಪ ಮಲಗ್ತೀನಿ."

ಕೆಂಡಪ್ಪನಿಗೂ ಕಿವಿಯ ಮೇಲೆ ಯಾರೋ ಗುದ್ದುತ್ತಿದ್ದ ಹಾಗಿತ್ತು. ಭಾರ ಹೊತ್ತದ್ದಕ್ಕೆ ಎಂದುಕೊಂಡ. ಮಲಗಿದರೆ ಸರಿಹೋಗುತ್ತದೆ ಎಂದು ಗೋಡೆಗೆ ಒರಗುವವನಂತೆ ಬಟ್ಟೆಗೆ ಒರಗಿದ. ನಡಿಗೆಗೆ, ಹಸಿವಿಗೆ, ಭಾರಕ್ಕೆ. ಒಂದೊಂದು ತಲೆಗೆ ಒಂದೊಂದು ಕಾರಣ. ಇದನ್ನು ಎಲ್ಲೋ ಕೇಳಿದ್ದೇನಲ್ಲ ಎಂದು ಮಂಕು ಕವಿದ ತಲೆಯಲ್ಲೇ ಹುಡುಕಿದ. ಒಬ್ಬರಿಗೆ ಬಂದರೆ ತಲೆಯ ಕಥೆ. ಎಲ್ಲರಿಗೂ ಒಟ್ಟಿಗೆ ಬಂದರೆ...

"ಮಾಸ್ಟ್ರೇ, ಏಳಿ! ಬಾಗಿಲು ತೆಗೀರಿ!"

ಮಾಸ್ಟರ್ ಕಣ್ಣು ಬಿಟ್ಟರು, ನಕ್ಕರು, ಮತ್ತೆ ಮುಚ್ಚಿದರು. ಅವರ ಹೆಂಡತಿಯಂತೂ ಎಷ್ಟು ಕರೆದರೂ ಓಗೊಡಲಿಲ್ಲ. ಕೆಂಡಪ್ಪ ಬಾಗಿಲ ಕಡೆ ತೆವಳಿದ. ಗುಂಡಿಗೆ ಕೈ ಹಾಕಿದ. ಬೆರಳಿಗೆ ಬಲವೇ ಇಲ್ಲ. ಎಷ್ಟು ಚೆಂದದ, ಬಿಗಿಯಾದ ಗುಂಡಿಮನೆಗಳು! ಒಂದು ಬಿಚ್ಚಿದ, ಎರಡನೆಯದಕ್ಕೆ ಬೆರಳು ಜಾರಿತು. ಒಳಗಿನ ಸಾಲು ಬಿಚ್ಚಿದರೆ ಹೊರಗಿನ ಸಾಲು ಬೇರೆ ಇದೆ. ಅವನಿಗೆ ಅಳು ಬಂತು. ಇಬ್ಬರನ್ನು ಕರೆದುಕೊಂಡು ಬಂದು ತಾನೇ ಕೈಯಾರೆ ಕೊಂದೆನಲ್ಲಪ್ಪಾ ಎಂದುಕೊಂಡ.

ಮಾಸ್ಟರ್ ಚೀಲದಲ್ಲಿ ಕತ್ತರಿ ಇತ್ತು. ದರ್ಜಿ ಬೆಟ್ಟಕ್ಕೆ ಹೋದರೂ ಕತ್ತರಿ ಬಿಟ್ಟು ಹೋಗುತ್ತಾನೆಯೇ? ಕೆಂಡಪ್ಪ ಅದನ್ನು ಎಳೆದುಕೊಂಡು, ಎರಡೂ ಕೈಯಲ್ಲಿ ಹಿಡಿದು ಟೆಂಟಿನ ಹೊಟ್ಟೆಗೇ ಚುಚ್ಚಿದ. ಪರ್ರೆಂದು ಹರಿಯಿತು. ಆ ಸದ್ದಿಗೆ ಮಾಸ್ಟರ್ ಬೆಚ್ಚಿ ಎದ್ದರು!

"ಅಯ್ಯೋ, ನನ್ನ ಬಟ್ಟೆ! ಗುರುತು ಹಾಕದೆ ಕತ್ತರಿಸ್ತೀಯಲ್ಲೋ ಮುಠ್ಠಾಳ!"

"ಬೈರಿ ಮಾಸ್ಟ್ರೇ, ಬೈಕೊಂಡೇ ಹೊರಗೆ ಬನ್ನಿ!"

ಅರಿವೆ ಹರಿದ ಸದ್ದಿಗೆ ಎದ್ದವರು ಹೆಂಡತಿಯ ಮುಖ ನೋಡಿ ಬೈಗುಳ ನುಂಗಿದರು. ಇಬ್ಬರೂ ಸೇರಿ ಅವಳ ತೋಳು ಹಿಡಿದು ಆ ಹರಕಿನಿಂದಲೇ ಹೊರಗೆಳೆದರು. ಮಳೆ ಮುಖಕ್ಕೆ ರಪರಪ ಹೊಡೆಯಿತು. ಮೂವರೂ ಒದ್ದೆ ಹುಲ್ಲಿನ ಮೇಲೆ ಬಿದ್ದುಕೊಂಡು ಬಾಯಿ ತೆರೆದು ಗಾಳಿ ಎಳೆದುಕೊಂಡರು. ಮಾಸ್ಟರ್ ಹೆಂಡತಿ ಎದ್ದು ಕೂತು ವಾಂತಿ ಮಾಡಿಕೊಂಡಳು. ಆಮೇಲೆ ಸಣ್ಣ ದನಿಯಲ್ಲಿ, "ನನ್ನ ಚಪ್ಪಲಿ ಎಲ್ಲಿ?" ಎಂದಳು. ಅದನ್ನು ಕೇಳಿ ಕೆಂಡಪ್ಪನಿಗೆ ಹೋದ ಜೀವ ಬಂದಂತಾಯಿತು.

ಹಾಲಿನ ವ್ಯಾನಿನಲ್ಲಿ ಸಿಸ್ಟರ್ ಬಂದಿಳಿದದ್ದು ಆಗಲೇ. ಮಳೆಯಲ್ಲಿ ಬಿದ್ದಿರುವ ಮೂವರು, ಹೊಟ್ಟೆ ಸೀಳಿದ ಟೆಂಟು, ಒಳಗೆ ಕೆಂಪಗೆ ಮಿಣುಕುವ ಪೆಟ್ಟಿಗೆ. ಅವಳಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ಅತ್ತಿಗೆಯ ನಾಡಿ ಹಿಡಿದು ನೋಡಿದಳು, ಎಲ್ಲರನ್ನೂ ಮಾತಾಡಿಸಿ ನೋಡಿದಳು, ವ್ಯಾನಿನವನನ್ನು ನಿಲ್ಲಿಸಿಕೊಂಡಳು.

"ಸಾಮಾನು ತರೋಕೆ ಅಂತ ಒಳಗೆ ಹೋದೀರಿ ಜೋಕೆ! ಎಲ್ಲರೂ ವ್ಯಾನ್ ಹತ್ತಿ. ಆಸ್ಪತ್ರೆಗೆ."

"ಈಗ ಹುಷಾರಾಗಿದೀವಲ್ಲೇ" ಎಂದರು ಮಾಸ್ಟರ್.

"ಹುಷಾರಾದ ಹಾಗೆ ಅನ್ಸುತ್ತೆ ಅಷ್ಟೇ. ಆ ವಿಷ ರಕ್ತದಲ್ಲಿ ಕೂತಿರುತ್ತೆ. ಆಕ್ಸಿಜನ್ ಕೊಟ್ಟು ಬಿಡಿಸ್ಬೇಕು."

ಹಾಲಿನ ಕ್ಯಾನುಗಳ ನಡುವೆ ತೂರಿಕೊಂಡು ಕೂತರು. ಕಿಟಕಿ ಪೂರ್ತಿ ತೆರೆದಿತ್ತು, ಚಳಿ ಕೊರೆಯುತ್ತಿತ್ತು, ಯಾರೂ ಮುಚ್ಚಿ ಎನ್ನಲಿಲ್ಲ. ಕೆಂಡಪ್ಪ ಮೆಲ್ಲಗೆ ಕೇಳಿದ:

"ಸಿಸ್ಟರ್, ಮತ್ತೆ ಅಂಗಡೀಲಿ ನನಗೆ ಯಾಕೆ ಏನೂ ಆಗಿಲ್ಲ?"

"ನಿಮ್ಮ ಅಂಗಡಿಗೆ ಮೂರು ಕಡೆ ಗೋಡೆನೇ ಇಲ್ವಲ್ಲಣ್ಣ. ಬಂದ ವಿಷ ಬಂದ ಹಾಗೇ ಗಾಳೀಲಿ ಹೋಗುತ್ತೆ. ಮುಚ್ಚಿದ ಜಾಗದಲ್ಲಿ ಎಲ್ಲಿಗೆ ಹೋಗ್ಬೇಕು? ನಮ್ಮೊಳಗೇ ಬರುತ್ತೆ. ಮೊದ್ಲು ತಲೆನೋವು, ಆಮೇಲೆ ವಾಕರಿಕೆ, ಮಂಪರು. ಎಷ್ಟೋ ಜನ ನಿದ್ದೆ ಅಂದ್ಕೊಂಡು ಮಲಗ್ತಾರೆ, ಏಳೋದೇ ಇಲ್ಲ."

ಕೆಂಡಪ್ಪ ಬೆರಳು ಮಡಿಸಿ ಎಣಿಸಿದ. ತಲೆನೋವು, ವಾಕರಿಕೆ. ಮೆಟ್ಟಿಲ ಮೇಲೆ ಹಣೆಗೆ ಬಟ್ಟೆ ಬಿಗಿದು ಕೂತ ಅಮ್ಮ. ಶಾಲೆಗೆ ಹೋಗಲ್ಲ ಎಂದು ಹೊಟ್ಟೆ ಹಿಡಿದುಕೊಂಡ ಮಗಳು. ಅವನು ಸಿಸ್ಟರ್ ಕಡೆ ತಿರುಗಿದ.

"ಸಿಸ್ಟರ್... ಊರಲ್ಲೂ ಮಳೇನಾ?"

"ಮಧ್ಯಾಹ್ನದಿಂದ ಸುರೀತಿದೆ. ಕರೆಂಟೂ ಹೋಗಿದೆ. ಯಾಕಣ್ಣ?"

"ಮನೇಲಿ ದೊಡ್ಡ ಪೆಟ್ಟಿಗೆ ಇದೆ. ತುಂಬಾ ಕೆಂಡ ಮಾಡ್ಕೊಂಡು ಬಾಗಿಲು ಹಾಕ್ಕೊಂಡು ಮಲಗಿ ಅಂತ... ನಾನೇ ಹೇಳಿ ಬಂದಿದೀನಿ."

ಕೆಂಡಪ್ಪ ಫೋನು ತೆಗೆದ. ಸಿಗ್ನಲ್ ಇಲ್ಲ. "ಕೆಳಗಿನ ತಿರುವಿನಲ್ಲಿ ಸಿಗುತ್ತೆ" ಎಂದು ವ್ಯಾನಿನವನು ಗೇರು ಬದಲಾಯಿಸಿದ. ಕ್ಯಾನುಗಳು ಒಂದಕ್ಕೊಂದು ಢಣಢಣ ಬಡಿದವು. ಕೆಂಡಪ್ಪನಿಗೆ ಆ ತಿರುವು ಬರುವುದೇ ಇಲ್ಲವೇನೋ ಅನ್ನಿಸಿತು. ಕಂಡ ಕಂಡ ದೇವರಿಗೆಲ್ಲ ಕೈ ಮುಗಿದ. ಕಾಣದ ದೇವರಿಗೂ ಮುಗಿದ.

ತಿರುವು ಬಂತು. ಫೋನು ರಿಂಗಾಯಿತು. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಮಾಡಿದ. ಯಾರೂ ಎತ್ತಲಿಲ್ಲ. ಸಿಸ್ಟರ್ ಅವನ ತೋಳು ಹಿಡಿದುಕೊಂಡು, "ಮಾಡ್ತಾನೇ ಇರಿ" ಎಂದಳು. ಇನ್ನೊಮ್ಮೆ ಮಾಡಿದ. ಕೊನೆಗೆ ಯಾರೋ ಎತ್ತಿದರು.

"ಹ್ಞೂಂ..." ಹೆಂಡತಿಯ ದನಿ ಬಾವಿಯ ತಳದಿಂದ ಬಂದಂತಿತ್ತು.

"ಏಯ್, ಎದ್ದೇಳು! ಪೆಟ್ಟಿಗೆ ಎಲ್ಲಿದೆ?"

"ಅಮ್ಮನ ಮಂಚದ ಕೆಳಗೆ... ತಲೆ ಭಾರ ಕಣ್ರೀ... ಬೆಳಿಗ್ಗೆ ಮಾತಾಡೋಣ..."

"ಬೆಳಿಗ್ಗೆ ಇಲ್ಲ, ಈಗ! ಬಾಗಿಲು ತೆಗಿ. ಮಗೂನ ಎತ್ಕೊಂಡು ಹೊರಗೆ ಹೋಗು."

"ಚಳಿ ರೀ... ಅಮ್ಮ ಬೈತಾರೆ..."

"ಬೈಸ್ಕೋ! ನನ್ನಾಣೆ, ಮೊದ್ಲು ಬಾಗಿಲು ತೆಗಿ!"

ಸಿಸ್ಟರ್ ಫೋನು ಕಸಿದುಕೊಂಡಳು. ಅವಳ ದನಿಯಲ್ಲಿ ವಾರ್ಡಿನ ಗತ್ತಿತ್ತು. "ಅಕ್ಕ, ನಾನು ಸಿಸ್ಟರ್ ಮಾತಾಡ್ತಿರೋದು. ಏಳಿ. ಬಾಗಿಲು ತೆಗೀರಿ. ಮೊದ್ಲು ಮಗು, ಆಮೇಲೆ ಅಮ್ಮ. ಪೆಟ್ಟಿಗೆ ತರೋಕೆ ಹೋಗ್ಬೇಡಿ, ಅದು ಅಲ್ಲೇ ಇರ್ಲಿ. ಪಕ್ಕದ ಮನೆಯವರನ್ನ ಕೂಗಿ."

ಫೋನು ನೆಲಕ್ಕೆ ಬಿದ್ದ ಸದ್ದು. ಆಮೇಲೆ ಏನೂ ಇಲ್ಲ. ವ್ಯಾನಿನವನು ಎಂಜಿನ್ ಆರಿಸಿಬಿಟ್ಟಿದ್ದ. ಎಲ್ಲರೂ ಆ ಪುಟ್ಟ ಫೋನಿನ ಮೇಲೆ ಬಾಗಿದ್ದರು. ಮಳೆ ಮಾತ್ರ ಸುರಿಯುತ್ತಿತ್ತು, ಇಲ್ಲಿನದೋ ಅಲ್ಲಿನದೋ ತಿಳಿಯದು. ಆಗ ಚಿಲಕ ಕಿರ್ರೆಂದಿತು. ಬಾಗಿಲು ಗೋಡೆಗೆ ಬಡಿಯಿತು. ಮಗು ಅತ್ತಿತು. ಅದರ ಬೆನ್ನಿಗೇ ಒಂದು ಮುದಿ ದನಿ ಬೀದಿಗೆಲ್ಲ ಕೇಳುವಂತೆ ಶುರುವಾಯಿತು:

"ಏನೇ ಬಂತು ನಿನಗೆ ರೋಗ? ಮುದುಕೀನ ಮಳೇಲಿ ಎಳ್ಕೊಂಡು ಹೋಗ್ತೀಯಲ್ಲೇ! ಬರ್ಲಿ ಅವನು, ಹೇಳ್ತೀನಿ! ಬಿಡೇ ಕೈನ!"

ಕೆಂಡಪ್ಪ ಫೋನನ್ನು ಎದೆಗೆ ಒತ್ತಿಕೊಂಡು ಮಗುವಿನಂತೆ ಅತ್ತ. ಹುಟ್ಟಿದಾಗಿನಿಂದ ಕೇಳಿದ ಬೈಗುಳ ಅದು. ಅಷ್ಟು ಹಿತವಾಗಿ ಅವನ ಕಿವಿಗೆ ಎಂದೂ ಬಿದ್ದಿರಲಿಲ್ಲ. ಮಾಸ್ಟರ್ ಕಣ್ಣೊರೆಸಿಕೊಂಡು ಅವನ ಬೆನ್ನು ತಟ್ಟಿದರು. "ಬೀಸೋ ದೊಣ್ಣೆ ತಪ್ಪಿದ್ರೆ ಸಾವಿರ ವರ್ಷ ಆಯಸ್ಸಂತೆ. ಅಮ್ಮನಿಗೆ ಸಾವಿರ ಬಂತು ನೋಡು" ಎಂದರು.

ಸಿಸ್ಟರ್ ಫೋನಿನಲ್ಲಿ ಹೇಳಿದಂತೆ ಪಕ್ಕದ ಮನೆಯವರು ಆಟೋ ಹಿಡಿದು ಮೂವರನ್ನೂ ಅದೇ ಆಸ್ಪತ್ರೆಗೆ ತಂದರು. ಒಂದೇ ವಾರ್ಡಿನಲ್ಲಿ ಈ ಕಡೆ ಬೆಟ್ಟದವರು, ಆ ಕಡೆ ಮನೆಯವರು, ಎಲ್ಲರ ಮೂಗಿಗೂ ಆಕ್ಸಿಜನ್ ಮಾಸ್ಕು. ಬೆಳಗಾಗುವ ಹೊತ್ತಿಗೆ ಯಾರಿಗೂ ಅಪಾಯವಿಲ್ಲ ಎಂದು ಡಾಕ್ಟರು ಹೇಳಿದರು.

ಅಮ್ಮ ಮಾತ್ರ ಸೋಲುವವರಲ್ಲ. ಮಾಸ್ಕು ಸರಿಸಿ ವಾದಕ್ಕೆ ನಿಂತರು. "ನಮ್ಮ ಕಾಲದಲ್ಲಿ ಕೆಂಡದ ಪಕ್ಕದಲ್ಲೇ ಮಕ್ಕಳನ್ನ ಮಲಗಿಸ್ತಿದ್ವಿ. ಯಾರು ಸತ್ರು? ಎಲ್ಲ ಈಗಿನ ಕಾಲದ ಹೊಸ ರೋಗ."

ಸಿಸ್ಟರ್ ಮಾಸ್ಕನ್ನು ಮತ್ತೆ ಸರಿಯಾಗಿ ಇಟ್ಟಳು. "ಅಮ್ಮ, ಆಗಿನ ನಿಮ್ಮ ಮನೆ ಹೆಂಚಿನದ್ದಾ?"

"ಹ್ಞೂಂ. ಸಂದೀಲಿ ಬೆಳದಿಂಗಳು ಬೀಳೋದು."

"ಆ ಸಂದಿನೇ ಎಷ್ಟೋ ಸಲ ನಿಮ್ಮನ್ನ ಕಾಪಾಡಿರೋದು. ಈಗ ಇರೋದು ಸಿಮೆಂಟ್ ತಾರಸಿ. ಕಿಟಕಿ ಗಾಜಿಂದು. ಮೇಲಿರೋ ಗಾಳಿ ಕಿಂಡೀನ ಏನು ಮಾಡಿದ್ರಿ?"

ಅಮ್ಮ ಮಗನ ಮುಖ ನೋಡಿದರು. ಕೆಂಡಪ್ಪ ತಲೆ ತಗ್ಗಿಸಿದ. "ಚಳಿ ಬರುತ್ತೆ ಅಂತ ನಾನೇ ಹಳೇ ಬಟ್ಟೆ ತುರುಕಿದೀನಿ."

"ಆಗಲೂ ಸತ್ತೋರಿದ್ರು ಅಮ್ಮ. ರಾತ್ರಿ ಮಲಗಿದೋರು ಬೆಳಿಗ್ಗೆ ಏಳಲಿಲ್ಲ, ಪುಣ್ಯದ ಸಾವು ಅಂತಿದ್ರು. ಕೆಂಡ ಅಂತ ಯಾರಿಗೂ ಗೊತ್ತಾಗ್ತಿರಲಿಲ್ಲ."

ಅಮ್ಮ ಪಕ್ಕಕ್ಕೆ ತಿರುಗಿದರು. ಪಕ್ಕದ ಹಾಸಿಗೆಯಲ್ಲಿ ಮೊಮ್ಮಗಳು ಮಲಗಿದ್ದಳು. ಅವಳ ಮುಖಕ್ಕಿಂತ ಮಾಸ್ಕೇ ದೊಡ್ಡದಾಗಿತ್ತು. ಅಮ್ಮ ಕೈ ಚಾಚಿ ಅವಳ ಪುಟ್ಟ ಕಾಲು ಮುಟ್ಟಿ ನೋಡಿದರು. ಬೆಚ್ಚಗಿತ್ತು. ಬಹಳ ಹೊತ್ತು ಹಾಗೇ ಹಿಡಿದುಕೊಂಡಿದ್ದರು.

"ಶಾಲೆ ತಪ್ಪಿಸ್ತಾಳೆ ಅಂತ ಇವಳಿಗೆ ಹೊಡೆದಿದೀನಲ್ಲೋ" ಎಂದರು. ಆಮೇಲೆ ಮಗನ ಕಡೆ ಬೆರಳು ತೋರಿಸಿ, "ಕೇಳು. ಇನ್ನು ಆ ಕೆಂಡದ ಪೆಟ್ಟಿಗೆ ನನ್ನ ಮನೆ ಹೊಸ್ತಿಲು ದಾಟಿದ್ರೆ, ನಿನ್ನನ್ನ ನಾನು ಹೊಸ್ತಿಲು ದಾಟಿಸಲ್ಲ" ಎಂದರು.

"ಆಯ್ತಮ್ಮ" ಎಂದ ಕೆಂಡಪ್ಪ. ಅವನು ತಾಯಿಗೆ ಎದುರಾಡದೆ ಒಪ್ಪಿದ್ದು ಅದೇ ಮೊದಲೆಂದು ಹೆಂಡತಿ ಮಾಸ್ಕಿನೊಳಗೇ ನಕ್ಕಳು. ಆ ಕಡೆಯ ಮಂಚದಿಂದ ಮಾಸ್ಟರ್ ಗೊಣಗಿದರು: "ನನ್ನ ಟೆಂಟಿಗೂ ಕಿಟಕಿ ಆಯ್ತು ಬಿಡಿ. ಹರಿದ ಕಡೆ ಬಲೆ ಹಾಕ್ತೀನಿ. ಕೆಳಗೂ ಒಂದು ಕೊರೀತೀನಿ. ಬಾಗಿಲಿಗೆ ಜಿಪ್ಪೂ ತರ್ತೀನಿ."

"ಅಟ್ಟ ಮೇಲೆ ಒಲೆ ಉರೀತು" ಎಂದಳು ಅವರ ಹೆಂಡತಿ. ವಾರ್ಡೆಲ್ಲ ನಕ್ಕಿತು.

ಕಥೆ ಕೇಳಿದ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಇವರ ಅದೃಷ್ಟ ಚೆನ್ನಾಗಿತ್ತು, ಆರು ಜನವೂ ನಡೆದುಕೊಂಡೇ ಮನೆಗೆ ಬಂದರು. ಎಲ್ಲರ ಫೋನಿಗೂ ತಿರುವಿನಲ್ಲಿ ಸಿಗ್ನಲ್ ಸಿಗುವುದಿಲ್ಲ. ಗೆಳೆಯರ ಜೊತೆ ಬೆಟ್ಟಕ್ಕೆ ಹೋಗಿ, ಖರ್ಚಿಲ್ಲದೆ ಹೋಗಿ, ಸಂತೋಷವಾಗಿ ಹೋಗಿ. ಆದರೆ ಟೆಂಟಿನೊಳಗೆ ಕೆಂಡ, ಒಲೆ, ಉರಿಯುವ ಯಾವುದನ್ನೂ ಒಯ್ಯಬೇಡಿ. ಅಡುಗೆ ಬಯಲಲ್ಲೇ ಆಗಲಿ. ಚಳಿಯಾದರೆ ಒಣ ಬಟ್ಟೆ ಹಾಕಿಕೊಳ್ಳಿ, ಇನ್ನೊಂದು ಹೊದಿಕೆ ಹೊದೆಯಿರಿ, ಬಾಟಲಿಗೆ ಬಿಸಿನೀರು ತುಂಬಿ ಕಾಲ ಹತ್ತಿರ ಇಟ್ಟುಕೊಳ್ಳಿ. ಮನೆಯಲ್ಲೂ ಅಷ್ಟೇ: ಮಲಗುವ ಕೋಣೆಯಲ್ಲಿ ಕೆಂಡ ಬೇಡ. ಕಿಟಕಿ ಸ್ವಲ್ಪ ತೆರೆದಿದ್ದೇವಲ್ಲ ಎಂಬ ಧೈರ್ಯವೂ ಬೇಡ. ಒಟ್ಟಿಗೆ ಇದ್ದವರಿಗೆಲ್ಲ ತಲೆನೋವು, ವಾಕರಿಕೆ, ಮಂಪರು ಬಂದರೆ ಕಾರಣ ಹುಡುಕುತ್ತಾ ಕೂರದೆ ಎಲ್ಲರನ್ನೂ ಎಳೆದುಕೊಂಡು ಹೊರಗೆ ಬನ್ನಿ, ಆಮೇಲೆ ನೇರ ಆಸ್ಪತ್ರೆಗೆ ಹೋಗಿ.

ಈಗ ಈ ಹಾಳೆಯನ್ನು ಪಕ್ಕಕ್ಕಿಟ್ಟು ಎದ್ದೇಳಿ. ನಿಮ್ಮವರು ಮಲಗುವ ಕೋಣೆಗೆ ಹೋಗಿ, ಮಂಚದ ಕೆಳಗೆ ಒಮ್ಮೆ ಬಗ್ಗಿ ನೋಡಿ. ಅಲ್ಲಿ ಕೆಂಡ ಇದ್ದರೆ, ನಿದ್ದೆ ಹಾಳಾದರೂ ಪರವಾಗಿಲ್ಲ, ಬೈಸಿಕೊಂಡರೂ ಪರವಾಗಿಲ್ಲ, ಬಾಗಿಲು ತೆರೆದು ಮೊದಲು ಮಲಗಿದವರನ್ನು ಎಬ್ಬಿಸಿ ಹೊರಗೆ ಕರೆದುಕೊಂಡು ಬನ್ನಿ. ಬೈಯುವವರು ನಾಳೆಯೂ ನಾಡಿದ್ದೂ ನಿಮ್ಮನ್ನು ಬೈಯುತ್ತಾ ಚೆನ್ನಾಗಿರಲಿ.